ಇಂಟರ್‌ವ್ಯೂ ಎಂಬ ಸುಳ್ಳು ಕೊಳಗ

ಬೆಂಗಳೂರಿನ ಸಾಫ್ಟ್‌ವೇರ್ ಕಂಪೆನಿಗಳು ನಮ್ಮ ಊರುಗಳ ಹುಡುಗ ಹುಡುಗಿಯರನ್ನು ಕೆಲಸಕ್ಕೆ ಆರಿಸಿಕೊಳ್ಳುವ ರೀತಿ ಮೋಸದ್ದು ಎಂದು ನಾವು ಹೇಳುತ್ತೇವೆ. ಮಾತು ಕಟುವಾಯಿತೆಂದು ಕೆಲವರು ಹುಬ್ಬೇರಿಸಬಹುದು. ಏರಿಸಲಿ. ಇಂಟರ್‌ವ್ಯೂನಲ್ಲಿ ಕೇಳುವುದು ಒಂದು, ಸೇರಿದ ಮೇಲೆ ಮಾಡಿಸುವುದು ಇನ್ನೊಂದು. ಬಾಯಲ್ಲಿ ಆಡುವುದು ಒಂದು, ಕೈಗೆ ಕೊಡುವ ಕಾಗದದಲ್ಲಿ ಬರೆಯುವುದು ಮತ್ತೊಂದು. ಇದಕ್ಕೆ ಮೋಸವೆನ್ನದೆ ಬೇರೆ ಯಾವ ಹೆಸರಿದೆಯೋ ನಮಗೆ ತಿಳಿಯದು.

ಇದು ಇಂಜಿನಿಯರುಗಳ ತಾಪತ್ರಯ, ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವವನಿಗೂ ಪೇಟೆಯಲ್ಲಿ ಚಿಲ್ಲರೆ ಅಂಗಡಿ ಇಟ್ಟವನಿಗೂ ಇದರಿಂದ ಆಗಬೇಕಾದ್ದೇನು ಎಂದು ಕೇಳುವವರು ನಮ್ಮಲ್ಲೇ ಇದ್ದಾರೆ. ಅಂಥವರು ಒಂದು ಭಾನುವಾರ ರಾತ್ರಿ ಸಾಗರದ ರೈಲು ನಿಲ್ದಾಣದಲ್ಲಿ ತಾಳಗುಪ್ಪದ ಗಾಡಿಗೆ ಕಾದು ನಿಂತವರನ್ನು ನೋಡಲಿ. ತೀರ್ಥಹಳ್ಳಿಯಲ್ಲಿ, ಹೊಸನಗರದಲ್ಲಿ ಬೆಂಗಳೂರು ಬಸ್ಸು ಹತ್ತುವವರನ್ನು ನೋಡಲಿ. ಅವರು ಯಾರ ಮಕ್ಕಳು? ಧಣಿಗಳ ಮಕ್ಕಳಲ್ಲ. ಗಿರಣಿಯವರ, ಮಂಡಿಯ ಹಮಾಲರ, ಹೋಟೆಲಿನವರ, ದರ್ಜಿಗಳ ಮಕ್ಕಳು. ಎಲೆಚುಕ್ಕಿ ರೋಗ ಬಡಿದು ಸೊರಗಿದ ಎಕರೆ ಅಡಿಕೆ ತೋಟದವರ ಮಕ್ಕಳು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಮನೆ ಗದ್ದೆಗಳನ್ನು ನೀರಿಗೆ ಬಿಟ್ಟು ಕಾಡಿನಂಚು ಸೇರಿದವರ ಮೊಮ್ಮಕ್ಕಳು. ಶರಾವತಿಯ ವಿದ್ಯುತ್ತು ಬೆಂಗಳೂರಿಗೆ ಮೊದಲು ಹೋಯಿತು, ಅದರ ಹಿಂದಿನಿಂದ ಮಕ್ಕಳು ಹೋದರು. ಅವರನ್ನು ಓದಿಸಲು ಬ್ಯಾಂಕಿನ ಸಾಲ, ಸೊಸೈಟಿಯ ಸಾಲ, ತಾಯಿಯ ಒಡವೆಯ ಅಡವು. ಆದುದರಿಂದ ಹುಡುಗನ ಇಂಟರ್‌ವ್ಯೂ ಹುಡುಗನೊಬ್ಬನದೇ ಅಲ್ಲ. ಅಪ್ಪನ ಸಾಲದ ಕಂತೂ ಅದೇ ಕುರ್ಚಿಯಲ್ಲಿ ಕೂತಿರುತ್ತದೆ.

ನಮ್ಮ ಕಸುಬುಗಳಲ್ಲಿ ಆಳನ್ನು ಪರೀಕ್ಷಿಸುವುದು ಹೇಗೆ? ಬಾಯ್ಲರ್ ನೋಡಿಕೊಳ್ಳುವವನು ಬೇಕಾದರೆ ಗಿರಣಿಯವರು ಅವನನ್ನು ಬಾಯ್ಲರಿನ ಮುಂದೆ ನಿಲ್ಲಿಸುತ್ತಾರೆ. ಲಾರಿಗೆ ಡ್ರೈವರ್ ಬೇಕಾದರೆ ಕೈಗೆ ಸ್ಟಿಯರಿಂಗ್ ಕೊಟ್ಟು ಹುಲಿಕಲ್ ಘಾಟಿ ಇಳಿಸಿ ನೋಡುತ್ತಾರೆ. ದರ್ಜಿಯ ಅಂಗಡಿಗೆ ಹೊಸಬ ಬಂದರೆ ಒಂದು ತೋಳು ಹೊಲಿಸುತ್ತಾರೆ. ಅಡಿಕೆ ಸುಲಿಯುವವರನ್ನು ಮೆಟ್ಟುಗತ್ತಿಯ ಮುಂದೆ ಕೂರಿಸಿದರೆ ಅರ್ಧ ಗಂಟೆಯಲ್ಲಿ ಕೈ ಎಂಥದೆಂದು ಗೊತ್ತಾಗುತ್ತದೆ. ಪರೀಕ್ಷೆಯೇ ಕೆಲಸ, ಕೆಲಸವೇ ಪರೀಕ್ಷೆ. ಅಷ್ಟೇ ಅಲ್ಲ, ಇಲ್ಲಿ ನೋಡುವವನು ಒಡೆಯನೊಬ್ಬನೇ ಅಲ್ಲ. ಬಾಯ್ಲರಿಗೆ ಎಷ್ಟು ವಯಸ್ಸಾಗಿದೆ, ಲಾರಿಯ ಬ್ರೇಕು ಹಿಡಿಯುತ್ತದೆಯೇ, ಸುಲಿಯಬೇಕಾದ ರಾಶಿ ಎಷ್ಟು ದೊಡ್ಡದು ಎಂದು ಆಳೂ ಅದೇ ಹೊತ್ತಿನಲ್ಲಿ ನೋಡಿಕೊಳ್ಳುತ್ತಾನೆ. ಬೇಡವೆನಿಸಿದರೆ ಟವೆಲ್ ಕೊಡವಿ ಎದ್ದು ಬರುತ್ತಾನೆ.

ಕಂಪ್ಯೂಟರಿನ ಕಸುಬಿನಲ್ಲಿ ಈ ನ್ಯಾಯವಿಲ್ಲ. ಅಲ್ಲಿ ಹುಡುಗನನ್ನು ಬಿಳಿ ಹಲಗೆಯ ಮುಂದೆ ನಿಲ್ಲಿಸುತ್ತಾರೆ, ಇಲ್ಲವೇ ಕ್ಯಾಮರಾದ ಮುಂದೆ ಕೂರಿಸುತ್ತಾರೆ. ಮಾಹಿತಿಯನ್ನು ಮರದ ಕೊಂಬೆಗಳಂತೆ ಜೋಡಿಸಿರುವ ಒಂದು ರಚನೆಯನ್ನು ಎಡದ್ದು ಬಲಕ್ಕೆ ಬಲದ್ದು ಎಡಕ್ಕೆ ತಿರುಗಿಸು, ಸರಪಳಿಯಂತೆ ಕೊಂಡಿ ಹಾಕಿದ ಪಟ್ಟಿಯನ್ನು ಹಿಂದುಮುಂದು ಮಾಡು, ಇಪ್ಪತ್ತು ನಿಮಿಷದಲ್ಲಿ ಮುಗಿಸು ಎನ್ನುತ್ತಾರೆ. ಇದಕ್ಕಾಗಿ ಹುಡುಗ ಆರು ತಿಂಗಳು ನಿದ್ದೆಗೆಟ್ಟು ನೂರಾರು ಒಗಟು ಬಿಡಿಸಿ, ಕೋಚಿಂಗ್ ಅಂಗಡಿಗೆ ದುಡ್ಡು ಸುರಿದು ಬಂದಿರುತ್ತಾನೆ. ಗೆದ್ದರೆ ಆಚೆ ಕಡೆಯವರು ಮುಗುಳ್ನಕ್ಕು, ನಿನ್ನನ್ನು ಹೊಸ ತಂತ್ರಜ್ಞಾನದಲ್ಲಿ, ಕೃತಕ ಬುದ್ಧಿಮತ್ತೆಯಲ್ಲಿ ದುಡಿಸುತ್ತೇವೆ, ದೊಡ್ಡ ದೊಡ್ಡ ಸವಾಲುಗಳಿವೆ ಎನ್ನುತ್ತಾರೆ.

ಸೇರಿದ ಮೇಲೆ ಏನಾಗುತ್ತದೆ? ಮೊದಲು ತಿಂಗಳುಗಟ್ಟಲೆ 'ಬೆಂಚು'. ಎಂದರೆ ಕೆಲಸವಿಲ್ಲದೆ, ಎಲ್ಲಿ ಹಾಕುತ್ತಾರೋ ಎಂದು ಕಾಯುತ್ತ ಕೂರುವುದು. ಆಮೇಲೆ, ಯಾವುದೋ ಪರದೇಶದ ಬ್ಯಾಂಕಿಗಾಗಿ ಈ ಹುಡುಗ ಹುಟ್ಟುವ ಮೊದಲೇ ಯಾರೋ ಬರೆದಿಟ್ಟ ಹಳೆಯ ಪ್ರೋಗ್ರಾಮಿಗೆ ತೇಪೆ ಹಾಕುವುದು. ಇನ್ನೊಬ್ಬರು ಬರೆದದ್ದನ್ನು ಒತ್ತಿ ಒತ್ತಿ ಪರೀಕ್ಷಿಸಿ ಎಕ್ಸೆಲ್ ಹಾಳೆಯಲ್ಲಿ ಸರಿ, ತಪ್ಪು ಎಂದು ತುಂಬುವುದು. ಅಮೆರಿಕದಲ್ಲಿ ಹಗಲಾದಾಗ ಇಲ್ಲಿ ರಾತ್ರಿ ಎದ್ದು ಕೂತು, ಗಿರಾಕಿಯ ದೂರುಗಳನ್ನು ಒಂದೊಂದಾಗಿ ಮುಚ್ಚುವುದು. ಅದಕ್ಕೆ 'ಟಿಕೆಟ್' ಎನ್ನುತ್ತಾರೆ. ಆ ಮರ ತಿರುಗಿಸುವ ವಿದ್ಯೆ ಎರಡು ವರ್ಷವಾದರೂ ಒಮ್ಮೆಯೂ ಉಪಯೋಗಕ್ಕೆ ಬಾರದೆ ತುಕ್ಕು ಹಿಡಿಯುತ್ತದೆ. ಇತ್ತೀಚೆಗೆ ಇದಕ್ಕೆ ಇನ್ನೊಂದು ವಿನೋದ ಸೇರಿದೆ. ಇಂಟರ್‌ವ್ಯೂನಲ್ಲಿ ಪ್ರೋಗ್ರಾಮ್ ಬರೆದುಕೊಡುವ ಯಂತ್ರದ ಸಹಾಯ ಪಡೆದರೆ ಕಳ್ಳತನವೆಂದು ಎಷ್ಟೋ ಕಡೆ ಹೊರಗೆ ಕಳಿಸುತ್ತಾರೆ. ಕೆಲಸಕ್ಕೆ ಸೇರಿದ ಮರುದಿನ ಅದೇ ಯಂತ್ರವನ್ನು ಏಕೆ ಬಳಸುವುದಿಲ್ಲವೆಂದು ಗದರುತ್ತಾರೆ.

ಒಂದು ಮಾತನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಹಳೆಯದನ್ನು ರಿಪೇರಿ ಮಾಡುವುದು ಕೀಳು ಕೆಲಸವೆಂದು ನಾವು ಹೇಳುತ್ತಿಲ್ಲ. ಹೊಸ ಯಂತ್ರ ಕೂಡಿಸುವವನಿಗಿಂತ ಹಳೆಯ ಯಂತ್ರವನ್ನು ನಡೆಸಿಕೊಂಡು ಹೋಗುವವನಿಗೆ ಹೆಚ್ಚು ಜಾಣತನ ಬೇಕೆಂದು ಗಿರಣಿಯಲ್ಲಿ ಕೆಲಸ ಮಾಡಿದ ಯಾರಿಗೂ ಗೊತ್ತು. ಜಗತ್ತಿನ ಬ್ಯಾಂಕುಗಳೂ ರೈಲುಗಳೂ ಆಸ್ಪತ್ರೆಗಳೂ ನಡೆಯುತ್ತಿರುವುದು ಇಂಥ ತೇಪೆ ಹಾಕುವವರಿಂದಲೇ. ಹಾಗಿದ್ದರೆ ಕೆಲಸ ಇದೇ ಎಂದು ಮೊದಲೇ ಹೇಳಲು ಇವರಿಗೇಕೆ ನಾಚಿಕೆ? ಬಚ್ಚಿಡುವವನಿಗೆ ಏನೋ ಲಾಭವಿರಲೇಬೇಕು.

ಆ ಲಾಭವೇನೆಂದು ನೋಡೋಣ. ಒಗಟುಗಳಿಂದ ಕೆಲಸಗಾರನ ಯೋಗ್ಯತೆ ತಿಳಿಯುವುದಿಲ್ಲವೆಂಬುದು ಈ ಉದ್ಯಮದ ದೊಡ್ಡವರಿಗೇ ಗೊತ್ತಿರುವ ಸಂಗತಿ. ಗೂಗಲ್ ಕಂಪೆನಿಯಲ್ಲಿ ಸಿಬ್ಬಂದಿ ವಿಭಾಗದ ಮುಖ್ಯಸ್ಥರಾಗಿದ್ದ ಲಾಸ್ಲೋ ಬಾಕ್ ಅವರು, ತಲೆ ತಿನ್ನುವ ಒಗಟು ಪ್ರಶ್ನೆಗಳು ವ್ಯರ್ಥ, ಅವುಗಳಿಂದ ಏನೂ ತಿಳಿಯುವುದಿಲ್ಲವೆಂದು 2013ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗೆ ಹೇಳಿದರು. 2015ರಲ್ಲಿ ಮ್ಯಾಕ್ಸ್ ಹೊವೆಲ್ ಎಂಬ ಪ್ರೋಗ್ರಾಮರು ಅದೇ ಗೂಗಲ್‌ನ ಇಂಟರ್‌ವ್ಯೂನಲ್ಲಿ ನಪಾಸಾದರು. ಆ ಕಂಪೆನಿಯ ಇಂಜಿನಿಯರುಗಳೇ ಬಳಸುತ್ತಿದ್ದ 'ಹೋಂಬ್ರೂ' ಎಂಬ ಸಾಧನವನ್ನು ಹುಟ್ಟುಹಾಕಿದವರು ಅವರೇ. ಹಲಗೆಯ ಮೇಲೆ ಮರ ತಿರುಗಿಸಲು ಬರಲಿಲ್ಲವೆಂದು ತಮ್ಮನ್ನು ಬೇಡವೆಂದರೆಂದು ಅವರು ಲೋಕಕ್ಕೆಲ್ಲ ಹೇಳಿದರು. ಬಡಗಿ ಮಾಡಿದ ಕುರ್ಚಿಯ ಮೇಲೆಯೇ ಕೂತು, ನಿನಗೆ ಬಡಗಿ ಕೆಲಸ ಬಾರದು ಎಂದ ಹಾಗಾಯಿತು.

ಗೊತ್ತಿದ್ದೂ ಇದು ಏಕೆ ನಡೆದಿದೆ? ಸಾವಿರ ಜನ ಬಾಗಿಲಿಗೆ ಬಂದಾಗ ಒಂಬೈನೂರು ಜನರನ್ನು ಅಗ್ಗದಲ್ಲಿ ಓಡಿಸುವ ಜರಡಿ ಇದು, ಅದು ಒಂದು ಕಾರಣ. ಎರಡನೆಯ ಕಾರಣ ಇನ್ನೂ ಆಳದ್ದು. ಅಸಾಧ್ಯವಾದ ಪರೀಕ್ಷೆಯನ್ನು ದಾಟಿ ಒಳಗೆ ಬಂದವನು ತನ್ನನ್ನು ಭಾಗ್ಯವಂತನೆಂದು ತಿಳಿಯುತ್ತಾನೆ. ಭಾಗ್ಯವೆಂದು ತಿಳಿದವನು ಸಂಬಳ ಎಷ್ಟೆಂದು ಗಟ್ಟಿಯಾಗಿ ಕೇಳುವುದಿಲ್ಲ, ಕೆಲಸ ಯಾವುದು, ಯಾವ ಊರು, ಹಗಲೋ ರಾತ್ರಿಯೋ ಎಂದು ಕೇಳುವುದಿಲ್ಲ, ಸಂಘ ಕಟ್ಟುವುದಿಲ್ಲ. ಕೃತಜ್ಞತೆಯಿಂದ ಕುಗ್ಗಿದ ಆಳಿಗಿಂತ ಒಡೆಯನಿಗೆ ಬೇರೇನು ಬೇಕು? ಲಕ್ಷಗಳ 'ಪ್ಯಾಕೇಜು' ಎಂದು ಹೇಳಿ, ಅದರೊಳಗೆ ಕಂಪೆನಿ ಕಟ್ಟಬೇಕಾದ ಭವಿಷ್ಯನಿಧಿಯನ್ನೂ ಗ್ರಾಚ್ಯುಯಿಟಿಯನ್ನೂ ಸಿಕ್ಕರೆ ಸಿಕ್ಕಿತೆಂಬ ಬೋನಸ್ಸನ್ನೂ ತುರುಕಿ ಲೆಕ್ಕ ಕೊಟ್ಟರೂ ಅವನು ಸುಮ್ಮನಿರುತ್ತಾನೆ. ಮೊದಲ ತಿಂಗಳ ಸಂಬಳ ಕೈಗೆ ಬಂದಾಗ ಊರಿನಲ್ಲಿ ಅಪ್ಪನಿಗೆ ಏನೆಂದು ಹೇಳುವುದೆಂಬುದೇ ಅವನ ಚಿಂತೆ.

ನಮ್ಮ ಮೂರು ತಾಲ್ಲೂಕುಗಳ ಜನರಿಗೆ ಎರಡು ಅಳತೆಯ ವಿಚಾರವನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ತಿರುಗಿಬಿದ್ದದ್ದು ಮೊದಲಿಗೆ ಭೂಮಿಯ ಒಡೆತನಕ್ಕಾಗಿ ಅಲ್ಲ, ಕೊಳಗಕ್ಕಾಗಿ. ಗೇಣಿಯ ಭತ್ತ ಅಳೆದುಕೊಳ್ಳುವಾಗ ಒಡೆಯರ ಕೊಳಗ ಹಿಗ್ಗುತ್ತಿತ್ತು. ಕರಾರಿನ ಮಾತಿನಲ್ಲಿ ಕೊಳಗ ಕೊಳಗವೇ. ಕಣದಲ್ಲಿ ಮಾತ್ರ ಅದು ದೊಡ್ಡದು. ಕೊಳಗ ಸರಿಯಾಗಿರಲಿ ಎಂದ ಎಚ್. ಗಣಪತಿಯಪ್ಪನವರ ರೈತ ಸಂಘಕ್ಕೆ ಸೋಷಲಿಸ್ಟರು ಹೆಗಲು ಕೊಟ್ಟರು, ತೀರ್ಥಹಳ್ಳಿ ಸೀಮೆಯ ಆರಗದ ಶಾಂತವೇರಿ ಗೋಪಾಲಗೌಡರು ಬಂದರು, ಜೂನ್ ತಿಂಗಳಲ್ಲಿ ಡಾ. ಲೋಹಿಯಾ ಬಂದು ಬಂಧಿತರಾದರು. ಮರುವರ್ಷ ಸಾಗರ ಹೊಸನಗರದ ಮತದಾರರು ಗೋಪಾಲಗೌಡರನ್ನು ವಿಧಾನಸಭೆಗೆ ಕಳಿಸಿದರು. ಅಳತೆಯ ಜಗಳವೆಂದು ಆ ದಿನ ನಕ್ಕವರು ಇದ್ದರು. 1974ರ ಭೂಸುಧಾರಣೆಯ ತಿದ್ದುಪಡಿ ಬಂದಾಗ ಆ ನಗೆ ನಿಂತಿತ್ತು.

ಇಂಟರ್‌ವ್ಯೂ ಕೂಡ ಕೊಳಗವೇ. ಹುಡುಗನ ಯೋಗ್ಯತೆಯನ್ನು ಅಳೆಯುವಾಗ ಅದು ಹಿಗ್ಗುತ್ತದೆ; ಕಂಪೆನಿ ತಾನು ಕೊಡುವ ಕೆಲಸವನ್ನು ಅಳೆದು ಹಾಕುವಾಗ ಕುಗ್ಗುತ್ತದೆ. ಇದು ಬರಿಯ ಹೋಲಿಕೆಯಲ್ಲ ಎನ್ನುವವರಿಗೆ ನಮ್ಮ ರಾಜ್ಯದಲ್ಲೇ ನಡೆದ ಎರಡು ಪ್ರಕರಣ ಸಾಕು.

2023ರ ಫೆಬ್ರವರಿಯಲ್ಲಿ ಬೆಂಗಳೂರಿನ ವಿಪ್ರೊ ಕಂಪೆನಿ, ವರ್ಷಕ್ಕೆ ಆರೂವರೆ ಲಕ್ಷ ರೂಪಾಯಿಯೆಂದು ಆರಿಸಿ ತರಬೇತಿಯನ್ನೂ ಕೊಟ್ಟು ಕಾಯಿಸಿದ್ದ ಹೊಸಬರಿಗೆ, ಮೂರೂವರೆ ಲಕ್ಷಕ್ಕೆ ಬರುತ್ತೀರಾ ಎಂದು ಪತ್ರ ಬರೆಯಿತು. ಹೆಚ್ಚುಕಡಿಮೆ ಅರ್ಧಕ್ಕೆ ಅರ್ಧ. ಪರೀಕ್ಷೆ ಮಾತ್ರ ಆರೂವರೆ ಲಕ್ಷದ್ದು! ಅಡಿಕೆ ಮಂಡಿಯಲ್ಲಿ ಒಬ್ಬ ವರ್ತಕ ರಾಶಿಯ ಧಾರಣೆ ಒಪ್ಪಿ ಚೀಲ ಇಳಿಸಿಕೊಂಡು, ಆಮೇಲೆ ಗೊರಬಲಿನ ಧಾರಣೆ ಕೊಡುತ್ತೇನೆಂದರೆ ಸಾಗರದ ಪೇಟೆಯಲ್ಲಿ ಅವನು ಮತ್ತೆ ಅಂಗಡಿ ತೆರೆಯಬಲ್ಲನೇ? ಮಾರುಕಟ್ಟೆ ಸರಿಯಿಲ್ಲವೆಂಬುದು ಕಂಪೆನಿಯ ಸಮಜಾಯಿಷಿ. ಮಾರುಕಟ್ಟೆ ಇಳಿದಾಗ ತೋಟದವನ ಸಾಲವನ್ನು ಯಾವ ಬ್ಯಾಂಕೂ ಅರ್ಧ ಮಾಡಿದ್ದನ್ನು ನಾವು ಕಂಡಿಲ್ಲ.

ಎರಡನೆಯದು ಮೈಸೂರಿನದು. 2022ರಲ್ಲಿ ಇನ್ಫೋಸಿಸ್ ಆರಿಸಿಕೊಂಡ ಇಂಜಿನಿಯರಿಂಗ್ ಪದವೀಧರರು ಎರಡು ವರ್ಷ ಕಾದು 2024ರ ಕೊನೆಯ ತಿಂಗಳುಗಳಲ್ಲಿ ತರಬೇತಿಗೆ ಸೇರಿದರು. 2025ರ ಫೆಬ್ರವರಿ 7ರಂದು ಅವರಲ್ಲಿ ಮುನ್ನೂರಕ್ಕೂ ಹೆಚ್ಚು ಜನರನ್ನು, ಒಳಗಿನ ಪರೀಕ್ಷೆಯಲ್ಲಿ ಮೂರು ಅವಕಾಶ ಕೊಟ್ಟರೂ ಪಾಸಾಗಲಿಲ್ಲವೆಂದು ಹೊರಹಾಕಿದರು. ಪಾಸಾಗಬೇಕೆಂಬ ಷರತ್ತು ಕರಾರಿನಲ್ಲೇ ಇತ್ತು, ಬಹುಕಾಲದಿಂದ ನಡೆದುಬಂದ ಪದ್ಧತಿ ಎಂದು ಕಂಪೆನಿ ಹೇಳಿತು. ಹಿಂದಿನ ತಂಡಗಳಿಗಿಂತ ತಮಗೆ ಪರೀಕ್ಷೆಯನ್ನು ಬಿಗಿ ಮಾಡಿದ್ದರೆಂದು ಹೊರಬಿದ್ದವರು ದೂರಿದರು. ಯಾರ ಮಾತು ನಿಜವೆಂದು ತೀರ್ಮಾನಿಸುವುದು ಹಾಗಿರಲಿ. ನಮ್ಮ ಪ್ರಶ್ನೆ ಇಷ್ಟೇ. ಕಂಪೆನಿಯೇ ನಡೆಸಿದ ಮೊದಲ ಪರೀಕ್ಷೆ ಈ ಕೆಲಸಕ್ಕೆ ಯೋಗ್ಯರನ್ನು ಆರಿಸುವುದಕ್ಕೆ ಅಲ್ಲದಿದ್ದರೆ, ಅದು ಯಾವುದಕ್ಕೆ? ಮೊದಲ ಕೊಳಗ ಸರಿಯಿದ್ದರೆ ಎರಡನೆಯ ಕೊಳಗವೇಕೆ? ಮೊದಲನೆಯದು ತಪ್ಪಿದ್ದರೆ ಅದರ ದಂಡವನ್ನು, ಬೇರೆ ಕೆಲಸ ಹುಡುಕದೆ ಎರಡು ವರ್ಷ ಕಾದ ಹುಡುಗಿಯರೂ ಹುಡುಗರೂ ತೆರಬೇಕೇ?

ಕೇಂದ್ರ ಕಾರ್ಮಿಕ ಮಂತ್ರಾಲಯ ರಾಜ್ಯಕ್ಕೆ ವಿಚಾರಿಸಲು ಬರೆಯಿತು. ಇವರು ತರಬೇತಿಯವರು, ಕಾಯಂ ನೌಕರರಲ್ಲ, ಆದ್ದರಿಂದ ಕಾರ್ಮಿಕ ಕಾನೂನಿನ ಉಲ್ಲಂಘನೆ ಆಗಿಲ್ಲವೆಂದು ರಾಜ್ಯದ ಇಲಾಖೆ ಕಂಡುಕೊಂಡಿತೆಂದು ಪತ್ರಿಕೆಗಳಲ್ಲಿ ವರದಿಯಾಯಿತು. ಕಾನೂನು ಉಲ್ಲಂಘನೆಯಾಗಿಲ್ಲ ಎಂಬುದು ಕಂಪೆನಿಗೆ ಕೊಟ್ಟ ಪ್ರಶಸ್ತಿಯಲ್ಲ. ಕಾನೂನಿಗೆ ಬಿದ್ದ ಕನ್ನ.

ಆ ಕನ್ನವನ್ನು ಕೊರೆದವರು ಯಾರು? ಭದ್ರಾವತಿಯ ಕಾರ್ಖಾನೆಗಳಲ್ಲಿ ದುಡಿದು ಬಂದ ಹಿರಿಯರಿಗೆ 1946ರ ಸ್ಟ್ಯಾಂಡಿಂಗ್ ಆರ್ಡರ್ಸ್ ಕಾಯಿದೆಯ ಹೆಸರು ಗೊತ್ತು. ಯಾರು ಕಾಯಂ, ಯಾರು ತರಬೇತಿಯವರು, ಕೆಲಸದಿಂದ ತೆಗೆಯುವುದು ಹೇಗೆ ಎಂಬ ನಿಯಮಗಳನ್ನು ಮಾಲೀಕ ಬರೆದು ಒಪ್ಪಿಗೆ ಪಡೆದು ಗೋಡೆಗೆ ಅಂಟಿಸಬೇಕೆಂದು ಅದು ಹೇಳುತ್ತಿತ್ತು. ನಮ್ಮ ರಾಜ್ಯ ಸರಕಾರ ಸಾಫ್ಟ್‌ವೇರ್ ಉದ್ಯಮಕ್ಕೆ ಇದರಿಂದ 2014ರಲ್ಲಿ ವಿನಾಯಿತಿ ಕೊಟ್ಟಿತು. 2019ರಲ್ಲಿ ಅದನ್ನು ಮುಂದುವರಿಸಿತು. 2024ರಲ್ಲಿ ಮತ್ತೆ ಮುಂದುವರಿಸಿತು. ಪಕ್ಷಗಳು ಬದಲಾದವು, ಮುಖ್ಯಮಂತ್ರಿಗಳು ಬದಲಾದರು. ವಿನಾಯಿತಿ ಮಾತ್ರ ಕದಲಲಿಲ್ಲ. ರಾಜ್ಯದ ಐಟಿ ನೌಕರರ ಸಂಘ ಇದನ್ನು ವಿರೋಧಿಸಿತು. 2025ರ ನವೆಂಬರ್ 21ರಂದು ಕೇಂದ್ರ ಜಾರಿಗೆ ತಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಆ ಹಳೆಯ ಕಾಯಿದೆಯನ್ನೇ ನುಂಗಿತು. ಈಗ 300 ಕೆಲಸಗಾರರಿಗಿಂತ ಕಡಿಮೆ ಇರುವಲ್ಲಿ ಆ ನಿಯಮಗಳ ಗೊಡವೆಯೇ ಇಲ್ಲ; ಹೆಚ್ಚಿರುವಲ್ಲಿಯೂ ವಿನಾಯಿತಿ ಕೊಡುವ ಅಧಿಕಾರ ಸರಕಾರದ ಕಿಸೆಯಲ್ಲಿದೆ.

ನಮ್ಮ ಚಿಲ್ಲರೆ ವ್ಯಾಪಾರಿಗಳು ಇದನ್ನು ತಮ್ಮ ತಕ್ಕಡಿಯೊಂದಿಗೆ ಹೋಲಿಸಿ ನೋಡಬೇಕು. 2009ರ ಕಾನೂನು ಮಾಪನಶಾಸ್ತ್ರ ಕಾಯಿದೆಯಂತೆ ತಕ್ಕಡಿಗೂ ಬಟ್ಟುಗಳಿಗೂ ಕಾಲಕಾಲಕ್ಕೆ ಮುದ್ರೆ ಬೀಳಬೇಕು. ಮುದ್ರೆ ತಪ್ಪಿದರೆ ಇನ್‌ಸ್ಪೆಕ್ಟರು ಬಂದು ದಂಡ ಹಾಕುತ್ತಾರೆ. ಹಾಕಲಿ, ನ್ಯಾಯವೇ. ಕಾಲು ಕಿಲೋ ಬೆಲ್ಲ ತೂಗುವವನಿಗೆ ಮುದ್ರೆ ಬೇಕು. ಒಬ್ಬನ ಆಯುಸ್ಸಿನ ಹತ್ತು ವರ್ಷ ತೂಗಿಕೊಳ್ಳುವವನಿಗೆ ಯಾವ ಮುದ್ರೆಯೂ ಬೇಡವೇ?

ಬಾಂಡಿನ ವಿಷಯವೂ ಹೀಗೆಯೇ. ಇಷ್ಟು ವರ್ಷ ಬಿಟ್ಟು ಹೋಗುವಂತಿಲ್ಲ, ಹೋದರೆ ಇಷ್ಟು ಹಣ ಕಟ್ಟು ಎಂದು ಬರೆಸಿಕೊಳ್ಳುವ ಕಂಪೆನಿಗಳಿವೆ. ಒಬ್ಬ ಬ್ಯಾಂಕ್ ಅಧಿಕಾರಿಯ ಮೊಕದ್ದಮೆಯಲ್ಲಿ ಇಂಥ ಎರಡು ಲಕ್ಷ ರೂಪಾಯಿಯ ಕರಾರನ್ನು ಸುಪ್ರೀಂ ಕೋರ್ಟು 2025ರ ಮೇ ತಿಂಗಳಲ್ಲಿ ಎತ್ತಿಹಿಡಿಯಿತು. ಕೆಲಸಗಾರ ಬರೆದುಕೊಟ್ಟ ಮಾತು ಹೀಗೆ ಕೋರ್ಟಿನಲ್ಲಿ ನಿಲ್ಲುತ್ತದೆ. ಇಂಟರ್‌ವ್ಯೂನಲ್ಲಿ ಕಂಪೆನಿ ಆಡಿದ ಮಾತು ಎಲ್ಲಿ ನಿಲ್ಲುತ್ತದೆ? ಅದನ್ನು ಯಾರೂ ಬರೆದೇ ಇಲ್ಲ!

ಕಂಪೆನಿಗಳ ಕಡೆಯವರು ಎರಡು ಉತ್ತರ ಕೊಡುತ್ತಾರೆ. ಗಿರಾಕಿ ಯಾವ ಕೆಲಸ ಕೊಡುತ್ತಾನೋ ನಮಗೇ ಗೊತ್ತಿರುವುದಿಲ್ಲ, ಮೊದಲೇ ಹೇಳುವುದು ಹೇಗೆ ಎನ್ನುತ್ತಾರೆ. ಗೊತ್ತಿಲ್ಲವೆಂದೇ ಹೇಳಿ! ಪರೀಕ್ಷಿಸುವ ಕೆಲಸ ಸಿಗಬಹುದು, ರಾತ್ರಿ ಪಾಳಿ ಬರಬಹುದು, ಕಳೆದ ವರ್ಷ ಸೇರಿದ ನೂರು ಜನರಲ್ಲಿ ಇಷ್ಟು ಜನ ಈ ಕೆಲಸದಲ್ಲಿದ್ದಾರೆ ಎಂದು ಹೇಳಿ; ಆ ಲೆಕ್ಕ ನಿಮ್ಮ ಕಂಪ್ಯೂಟರಿನಲ್ಲೇ ಇದೆ. ಇನ್ನೊಂದು ಉತ್ತರ, ಹುಡುಗರೂ ಸುಳ್ಳು ಹೇಳುತ್ತಾರೆ, ಇಲ್ಲದ ಅನುಭವ ಬರೆಯುತ್ತಾರೆ, ತಮ್ಮ ಬದಲು ಬೇರೆಯವರನ್ನು ಕ್ಯಾಮರಾ ಮುಂದೆ ಕೂರಿಸುತ್ತಾರೆ ಎಂಬುದು. ನಿಜ, ಕೆಲವರು ಹಾಗೆ ಮಾಡುತ್ತಾರೆ, ಅದನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಹುಡುಗನ ಸುಳ್ಳನ್ನು ಹಿಡಿಯಲು ಕಂಪೆನಿ ದುಡ್ಡು ಕೊಟ್ಟು ಶೋಧಕರನ್ನು ಇಟ್ಟಿದೆ. ಅವರು ಕಾಲೇಜಿಗೆ, ಹಿಂದಿನ ಕಂಪೆನಿಗೆ, ಕೆಲವೊಮ್ಮೆ ಮನೆಯ ಬಾಗಿಲಿಗೂ ಬಂದು ವಿಚಾರಿಸುತ್ತಾರೆ. ಕಂಪೆನಿಯ ಸುಳ್ಳನ್ನು ಹಿಡಿಯಲು ಹೊಸನಗರದ ಹುಡುಗನ ಬಳಿ ಏನಿದೆ? ಅವನಿಗೆ ಮೊದಲು ಸೇರಿ ಸೋತ ಗೆಳೆಯನ ಮಾತೊಂದೇ ಆಧಾರ.

ಕೆಲಸದ ವರ್ಣನೆಯನ್ನು ಯಾರೂ ತನಿಖೆ ಮಾಡದಿದ್ದರೆ ಅದರ ಕೊನೆ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನೂ ದೇಶ ಕಂಡಿದೆ. ಥಾಯ್ಲೆಂಡಿನಲ್ಲಿ ಐಟಿ ಕೆಲಸವೆಂದು ಇಂಟರ್‌ವ್ಯೂ ನಡೆಸಿ, ಗಡಿ ದಾಟಿಸಿ ಮ್ಯಾನ್ಮಾರಿನ ವಂಚನೆಯ ಕೇಂದ್ರಗಳಲ್ಲಿ ಕೂಡಿಹಾಕುತ್ತಾರೆ, ಕಂಪ್ಯೂಟರ್ ಬಲ್ಲ ಯುವಕರೇ ಇವರ ಗುರಿ ಎಂದು ವಿದೇಶಾಂಗ ಮಂತ್ರಾಲಯ 2022ರ ಸೆಪ್ಟೆಂಬರಿನಲ್ಲಿ ಎಚ್ಚರಿಸಿತು. 2025ರ ಮಾರ್ಚಿನಲ್ಲಿ ಅಂಥ ಐನೂರಕ್ಕೂ ಹೆಚ್ಚು ಭಾರತೀಯರನ್ನು ವಿಮಾನದಲ್ಲಿ ಕರೆತರಬೇಕಾಯಿತು. ಬೆಂಗಳೂರಿನ ಕಂಪೆನಿಗಳನ್ನು ಈ ದರೋಡೆಕೋರರ ಸಾಲಿನಲ್ಲಿ ನಾವು ನಿಲ್ಲಿಸುತ್ತಿಲ್ಲ. ಆದರೆ ಇಂಟರ್‌ವ್ಯೂನಲ್ಲಿ ಹೇಳಿದ್ದಕ್ಕೂ ಕೆಲಸಕ್ಕೂ ಸಂಬಂಧವಿರಬೇಕಾಗಿಲ್ಲ ಎಂಬುದನ್ನು ನಮ್ಮ ಮಕ್ಕಳಿಗೆ ಮೊದಲು ರೂಢಿ ಮಾಡಿಸಿದವರು ಯಾರೆಂದು ಕೇಳುತ್ತೇವೆ.

ನಮ್ಮ ಒತ್ತಾಯ ದೊಡ್ಡದೇನಲ್ಲ. ಹೊಸ ಸಂಹಿತೆಗಳ ಪ್ರಕಾರ ಪ್ರತಿ ನೌಕರನಿಗೂ ನೇಮಕಪತ್ರ ಕೊಡುವುದು ಕಡ್ಡಾಯ. ಒಳ್ಳೆಯದು, ಆ ಪತ್ರದಲ್ಲಿ ಕೆಲಸವನ್ನೇ ಬರೆಯಲಿ. ಬರಿಯ 'ಇಂಜಿನಿಯರ್' ಎಂಬ ಬಿರುದು ಸಾಲದು, ಪ್ರೋಗ್ರಾಮ್ ಬರೆಯುವುದೋ, ಪರೀಕ್ಷಿಸುವುದೋ, ದೂರು ಮುಚ್ಚುವುದೋ, ಪಾಳಿ ಯಾವುದು, ಕೈಗೆ ಬರುವ ಹಣ ತಿಂಗಳಿಗೆ ಎಷ್ಟು. ಮೊದಲ ವರ್ಷದಲ್ಲಿ ಅದು ಸುಳ್ಳಾದರೆ ಕೆಲಸಗಾರ ಬಾಂಡಿನ ಹಣ ಕಟ್ಟದೆ ಹೊರಬರಲು ಹಕ್ಕಿರಲಿ. ಆರಿಸಿದ ಮೇಲೆ ಇಂತಿಷ್ಟು ತಿಂಗಳಲ್ಲಿ ಸೇರಿಸಿಕೊಳ್ಳಬೇಕು, ತಪ್ಪಿದರೆ ಕಾದ ತಿಂಗಳುಗಳಿಗೆ ಪರಿಹಾರ ಕೊಡಬೇಕು. ಸ್ಥಾಯೀ ಆದೇಶಗಳ ವಿನಾಯಿತಿಯನ್ನು ರಾಜ್ಯ ಸರಕಾರ ಇನ್ನೊಮ್ಮೆ ಕೊಡಬಾರದು. ಈ ಮೂರು ತಾಲ್ಲೂಕುಗಳ ಶಾಸಕರು ಇದನ್ನು ಸದನದಲ್ಲಿ ಎತ್ತುತ್ತಾರೋ ಇಲ್ಲವೋ ಅವರನ್ನೇ ಕೇಳಿ. ಮದುವೆ ಮನೆಗಳಲ್ಲಿ ಅವರು ಹೇಗೂ ಸಿಗುತ್ತಾರೆ.

ಅಲ್ಲಿಯವರೆಗೆ ಮನೆಯವರು ಮಾಡಬಹುದಾದದ್ದು ಒಂದಿದೆ. ಮಗನಿಗೋ ಮಗಳಿಗೋ ಆಫರ್ ಲೆಟರ್ ಬಂದಾಗ ಪೇಡೆ ಹಂಚುವ ಮೊದಲು ಕಾಗದವನ್ನು ಓದಿಸಿ ಕೇಳಿ. ಇಂಟರ್‌ವ್ಯೂನಲ್ಲಿ ಹೇಳಿದ ಕೆಲಸ ಇದರಲ್ಲಿ ಎಲ್ಲಿದೆ ಎಂದು ತೋರಿಸಲು ಹೇಳಿ. ಇಲ್ಲದಿದ್ದರೆ ಕಂಪೆನಿಗೆ ಈ-ಮೇಲ್‌ನಲ್ಲಿ ಕೇಳಿ, ಬಂದ ಉತ್ತರವನ್ನು ತೆಗೆದಿಡಲಿ. ಹೀಗೆ ಹೇಳಿದ್ದು ಒಂದು, ಕೊಟ್ಟದ್ದು ಒಂದು ಆದವರು ತಮ್ಮ ಪತ್ರಗಳ ಪ್ರತಿಯನ್ನು, ತಮ್ಮ ಹೆಸರು ವಿಳಾಸ ಅಳಿಸಿ, ನಮ್ಮ ಕಚೇರಿಗೆ ತಲುಪಿಸಲಿ. ಎರಡನ್ನೂ ಅಕ್ಕಪಕ್ಕದ ಕಾಲಂಗಳಲ್ಲಿ ಅಚ್ಚು ಹಾಕುತ್ತೇವೆ.